ಇಲಿ ಓಡಿಸುವ ಅಲ್ಟ್ರಾಸೋನಿಕ್ ಯಂತ್ರ: ಕೊಳ್ಳುವ ಮೊದಲು ತಿಳಿಯಬೇಕಾದದ್ದು

ಅಂಗೈಯಗಲದ ಬಿಳಿ ಪ್ಲಾಸ್ಟಿಕ್ ಡಬ್ಬಿ. ಹಿಂದೆ ಪ್ಲಗ್ಗಿನ ಪಿನ್ನು, ಮುಂದೆ ಸಣ್ಣದೊಂದು ನೀಲಿ ದೀಪ. ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದರೆ ನಮ್ಮ ಕಿವಿಗೆ ಕೇಳದ ಸದ್ದು ಹೊರಟು ಇಲಿಗಳು ಮನೆ ಬಿಟ್ಟು ಓಡುತ್ತವೆ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ವಿಷ ಇಡುವ ಭಯವಿಲ್ಲ, ಬೋನಿನ ಗೊಡವೆಯಿಲ್ಲ, ಸತ್ತ ಇಲಿಯನ್ನು ಎತ್ತಿ ಹಾಕುವ ಸಂಕಟವಿಲ್ಲ. ಕೆಲವು ನೂರು ರೂಪಾಯಿಗೆ ಇದೆಲ್ಲ ಸಿಗುತ್ತದೆ ಎಂದರೆ ಮನಸ್ಸು ವಾಲುವುದು ಸಹಜ. ಪುಟ್ಟ ಮಕ್ಕಳಿರುವ ಮನೆಯವರು, ಪ್ರಾಣಿಯನ್ನು ಕೊಲ್ಲಲು ಮನಸ್ಸಾಗದವರು ಇಂಥದ್ದೊಂದು ದಾರಿಗಾಗಿ ಹುಡುಕುತ್ತಲೇ ಇರುತ್ತಾರೆ.

ಈ ಯಂತ್ರವನ್ನು ಕೊಳ್ಳಲು ಹೊರಟವರಿಗಾಗಿ, ಈಗಾಗಲೇ ಕೊಂಡು ಫಲ ಕಾಣದೆ ಕುಳಿತವರಿಗಾಗಿ ಈ ಬರಹ. ವಿಜ್ಞಾನ ಓದಿರಬೇಕೆಂದೇನೂ ಇಲ್ಲ. ಮೊದಲು ಸದ್ದನ್ನು, ಆಮೇಲೆ ಇಲಿಯನ್ನು, ಕೊನೆಗೆ ಮನೆಯನ್ನು ನೋಡೋಣ. ಮೂರೂ ಅರ್ಥವಾದರೆ ಯಾವ ಜಾಹೀರಾತನ್ನಾದರೂ ನೀವೇ ತೂಗಿ ನೋಡಬಹುದು.

ಕೇಳದ ಸದ್ದು ಎಂದರೇನು?

ಸದ್ದೆಂದರೆ ಗಾಳಿಯ ಕಂಪನ. ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಕಂಪಿಸುತ್ತದೆ ಎಂಬುದನ್ನು ಹರ್ಟ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಸಾವಿರ ಹರ್ಟ್ಸ್ ಸೇರಿದರೆ ಒಂದು ಕಿಲೋಹರ್ಟ್ಸ್. ಆರೋಗ್ಯವಂತ ಮನುಷ್ಯನ ಕಿವಿಗೆ ಕೇಳುವುದು ಸುಮಾರು 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ. ವಯಸ್ಸಾದಂತೆ ಮೇಲಿನ ಮಿತಿ ಇಳಿಯುತ್ತ ಬರುತ್ತದೆ. ಈ ಮಿತಿಯನ್ನು ದಾಟಿದ ಸದ್ದನ್ನು ಕನ್ನಡದಲ್ಲಿ ಶ್ರವಣಾತೀತ ಧ್ವನಿ ಎನ್ನುತ್ತೇವೆ. ಅಂಗಡಿಯಲ್ಲಿ ಕೇಳುವಾಗ ಅಲ್ಟ್ರಾಸೋನಿಕ್ ಎಂದರೆ ಸಾಕು.

ನಮಗೆ ಕೇಳದಿದ್ದರೂ ಈ ಸದ್ದು ಪ್ರಕೃತಿಯಲ್ಲಿ ಬೇಕಾದಷ್ಟಿದೆ. 1938ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಡೊನಾಲ್ಡ್ ಗ್ರಿಫಿನ್ ಬಾವಲಿಗಳನ್ನು ಭೌತವಿಜ್ಞಾನಿ ಜಿ. ಡಬ್ಲ್ಯು. ಪಿಯರ್ಸ್ ಅವರ ಉಪಕರಣದ ಮುಂದೆ ತಂದರು. ಮೌನವಾಗಿ ಹಾರುತ್ತವೆ ಎಂದುಕೊಂಡಿದ್ದ ಬಾವಲಿಗಳು ಎಡೆಬಿಡದೆ ಕೂಗುತ್ತಿರುವುದು ಆಗ ತಿಳಿಯಿತು. ಅದು ಶ್ರವಣಾತೀತ ಕೂಗು.

ಯಂತ್ರದೊಳಗಿನ ಸದ್ದಿನ ಮೂಲ ಸರಳವಾದದ್ದು. ಪೀಜೋ ಎಂಬ ತೆಳುವಾದ ಬಿಲ್ಲೆಯೊಂದು ಇರುತ್ತದೆ. ವಿದ್ಯುತ್ತು ಹಿಂದೆ ಮುಂದೆ ಹರಿದಂತೆ ಅದು ಹಿಗ್ಗಿ ಕುಗ್ಗಿ ಗಾಳಿಯನ್ನು ಅಲುಗಿಸುತ್ತದೆ. ಒತ್ತಡಕ್ಕೂ ವಿದ್ಯುತ್ತಿಗೂ ಇರುವ ಈ ನಂಟನ್ನು 1880ರಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು ಕಂಡುಹಿಡಿದರು. ಒಂದು ವಿಷಯ ನೆನಪಿರಲಿ: ಮುಂದೆ ಹೊಳೆಯುವ ನೀಲಿ ದೀಪ ವಿದ್ಯುತ್ತು ಬರುತ್ತಿದೆ ಎಂದಷ್ಟೇ ಹೇಳುತ್ತದೆ. ಸದ್ದು ಹೊರಡುತ್ತಿದೆಯೇ, ಎಷ್ಟು ಜೋರಾಗಿದೆ ಎಂಬುದು ದೀಪ ನೋಡಿದರೆ ಗೊತ್ತಾಗುವುದಿಲ್ಲ.

ಇಲಿಯ ಕಿವಿ, ಇಲಿಯ ಮಾತು

ನಮ್ಮ ಮನೆಗಳಿಗೆ ಬರುವ ಇಲಿಗಳಲ್ಲಿ ಮುಖ್ಯವಾಗಿ ಮೂರು ಬಗೆ. ಅಟ್ಟದ ಮೇಲೆ, ಹಂಚಿನ ಸಂದಿಯಲ್ಲಿ ಓಡಾಡುವ ಉದ್ದ ಬಾಲದ ಮನೆ ಇಲಿ ಒಂದು. ಕಪಾಟಿನ ಮೂಲೆಯಲ್ಲಿ, ಹಳೆಯ ಬಟ್ಟೆಯ ಗಂಟಿನಲ್ಲಿ ಗೂಡು ಕಟ್ಟುವ ಚಿಟ್ಟಿಲಿ ಇನ್ನೊಂದು. ಮೋರಿ, ಚರಂಡಿ, ಹಿತ್ತಿಲ ಮಣ್ಣಿನಲ್ಲಿ ಬಿಲ ತೋಡುವ ಹೆಗ್ಗಣ ಮೂರನೆಯದು. ರಾತ್ರಿ ಗೋಡೆಯಂಚಿನಲ್ಲಿ ಕಿಚಕಿಚ ಎನ್ನುತ್ತ ಓಡುವ, ಉದ್ದ ಮೂತಿಯ, ಗಬ್ಬು ವಾಸನೆಯ ಸೊಂಡಿಲಿಯನ್ನು ನಾವು ಇದೇ ಸಾಲಿಗೆ ಸೇರಿಸುತ್ತೇವೆ. ಅದು ಇಲಿಯ ಜಾತಿಯದ್ದಲ್ಲ. ಜಿರಳೆ, ಹುಳುಹುಪ್ಪಟೆ ತಿಂದು ಬದುಕುವ ಪ್ರಾಣಿ ಅದು. ನಿಮ್ಮ ಮನೆಗೆ ಬರುತ್ತಿರುವುದು ಯಾವುದು ಎಂದು ತಿಳಿದರೆ ಎಲ್ಲಿ ಹುಡುಕಬೇಕು, ಏನು ಮುಚ್ಚಬೇಕು ಎಂಬುದೂ ತಿಳಿಯುತ್ತದೆ.

ಇಲಿಗಳ ಕಿವಿ ನಮಗಿಂತ ಬಹಳ ಎತ್ತರದ ಸದ್ದನ್ನು ಹಿಡಿಯುತ್ತದೆ. ದೊಡ್ಡ ಇಲಿಗಳಿಗೆ ಸುಮಾರು 80 ಕಿಲೋಹರ್ಟ್ಸ್‌ವರೆಗೆ, ಚಿಟ್ಟಿಲಿಗಳಿಗೆ 90 ಕಿಲೋಹರ್ಟ್ಸ್ ಆಸುಪಾಸಿನವರೆಗೂ ಕೇಳಿಸುತ್ತದೆ. ಹಾಗಾಗಿ ಯಂತ್ರ ನಿಜಕ್ಕೂ ಸದ್ದು ಮಾಡುತ್ತಿದ್ದರೆ, ಹತ್ತಿರದಲ್ಲಿರುವ ಇಲಿಗೆ ಅದು ಕೇಳಿಸುವುದು ಖಂಡಿತ. ಜಾಹೀರಾತು ಇಷ್ಟು ಹೇಳಿ ನಿಲ್ಲಿಸಿದ್ದರೆ ತಕರಾರಿಲ್ಲ. ಕೇಳಿಸಿದ ಮಾತ್ರಕ್ಕೆ ಇಲಿ ಸಹಿಸಲಾರದೆ ಓಡಿಹೋಗುತ್ತದೆ ಎಂದು ಮುಂದುವರಿಸುತ್ತದಲ್ಲ, ತೊಡಕಿರುವುದು ಅಲ್ಲಿ.

ಏಕೆಂದರೆ ಶ್ರವಣಾತೀತ ಧ್ವನಿ ಇಲಿಗಳಿಗೆ ದಿನನಿತ್ಯದ ಮಾತು. ಗೂಡಿನಿಂದ ಹೊರಗೆ ಬಿದ್ದು ಮೈ ತಣ್ಣಗಾದ ಮರಿ ಇದೇ ಎತ್ತರದ ದನಿಯಲ್ಲಿ ಕೂಗುತ್ತದೆ. ತಾಯಿ ಬಂದು ಬಾಯಲ್ಲಿ ಕಚ್ಚಿಕೊಂಡು ಒಳಗೆ ಒಯ್ಯುತ್ತದೆ. ಗಂಡು ಚಿಟ್ಟಿಲಿ ಹೆಣ್ಣಿನ ಮುಂದೆ ಇದೇ ದನಿಯಲ್ಲಿ ಹಾಡುತ್ತದೆ. ಹೆದರಿದ ದೊಡ್ಡ ಇಲಿಯ ಕೂಗು 22 ಕಿಲೋಹರ್ಟ್ಸ್ ಸುತ್ತ ಇರುತ್ತದೆ, ಆಟವಾಡುವ ಇಲಿಯ ಉಲಿ 50 ಕಿಲೋಹರ್ಟ್ಸ್ ಸುತ್ತ. 1990ರ ದಶಕದ ಕೊನೆಯಲ್ಲಿ ಅಮೆರಿಕದ ವಿಜ್ಞಾನಿ ಯಾಕ್ ಪ್ಯಾಂಕ್ಸೆಪ್ ಮತ್ತು ಸಂಗಡಿಗರು ಇಲಿಗಳಿಗೆ ಕಚಗುಳಿ ಇಟ್ಟಾಗ ಅವು ಈ 50 ಕಿಲೋಹರ್ಟ್ಸ್ ದನಿಯನ್ನು ಪದೇಪದೇ ಹೊರಡಿಸಿದವು. ಕಚಗುಳಿ ಇಟ್ಟ ಕೈಯನ್ನೇ ಹುಡುಕಿಕೊಂಡು ಮತ್ತೆ ಬಂದವು.

ಮನುಷ್ಯನ ಕಿವಿಗೆ ಮೀರಿದ ಸದ್ದೆಲ್ಲ ಇಲಿಗೆ ಹಿಂಸೆ ಎಂದು ನಂಬಲು ಆದ್ದರಿಂದ ಆಧಾರವಿಲ್ಲ. ಬಹಳ ಜೋರಾದ ಸದ್ದು ಅದಕ್ಕೂ ಕಿರಿಕಿರಿ, ನಿಜ. ಪ್ರಶ್ನೆ ಏನೆಂದರೆ, ಸಾಕೆಟ್ಟಿನ ಡಬ್ಬಿಯಿಂದ ಹೊರಟ ಸದ್ದು ಇಲಿ ಇರುವ ಜಾಗಕ್ಕೆ ಅಷ್ಟು ಜೋರಾಗಿ ತಲುಪುತ್ತದೆಯೇ?

ಸದ್ದು ಎಲ್ಲಿಯವರೆಗೆ ಹೋಗುತ್ತದೆ?

ಬೀದಿಯಲ್ಲಿ ಬಾರಿಸುವ ತಮಟೆ ಬಾಗಿಲು ಹಾಕಿಕೊಂಡರೂ ಕೇಳುತ್ತದೆ. ಅದರ ತಗ್ಗು ದನಿಯ ಅಲೆಗಳು ಉದ್ದವಾದವು; ಮೂಲೆ ತಿರುಗುತ್ತವೆ, ಬಾಗಿಲು ಗೋಡೆಗಳನ್ನು ನಡುಗಿಸಿ ಒಳಗೆ ಬರುತ್ತವೆ. ಶ್ರವಣಾತೀತ ಧ್ವನಿಯ ಅಲೆ ಬಲು ಚಿಕ್ಕದು. 20 ಕಿಲೋಹರ್ಟ್ಸ್‌ನಲ್ಲಿ ಅದರ ಉದ್ದ ಸುಮಾರು 1.7 ಸೆಂಟಿಮೀಟರ್, 40 ಕಿಲೋಹರ್ಟ್ಸ್‌ನಲ್ಲಿ 1 ಸೆಂಟಿಮೀಟರಿಗೂ ಕಡಿಮೆ. ಇಷ್ಟು ಚಿಕ್ಕ ಅಲೆ ಟಾರ್ಚಿನ ಬೆಳಕಿನ ಹಾಗೆ ನಡೆದುಕೊಳ್ಳುತ್ತದೆ: ನೇರವಾಗಿ ಹೋಗುತ್ತದೆ, ಗೋಡೆಗೆ ಬಡಿದು ಹಿಂದಿರುಗುತ್ತದೆ, ಅಡ್ಡ ಇರುವ ವಸ್ತುವಿನ ಹಿಂದೆ ನೆರಳು ಬಿಡುತ್ತದೆ. ಅಕ್ಕಿ ಮೂಟೆಯ ಹಿಂದೆ, ಫ್ರಿಜ್ಜಿನ ಅಡಿಯಲ್ಲಿ, ಕಪಾಟಿನ ಒಳಗೆ ಅದು ತಲುಪುವುದು ಅಷ್ಟಕ್ಕಷ್ಟೆ. ಪರದೆ, ಹಾಸಿಗೆ, ಬಟ್ಟೆಯ ರಾಶಿ ಅದನ್ನು ಹೀರಿಕೊಳ್ಳುತ್ತವೆ. ಇಲಿ ಅಡಗುವುದು ಇಂಥ ಮರೆಯಲ್ಲೇ.

ದೂರದ ಲೆಕ್ಕವನ್ನೂ ನೋಡೋಣ. ಸದ್ದಿನ ಜೋರನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬೆಲ್ ಕಳೆಯುತ್ತದೆ. 1 ಮೀಟರಿನಿಂದ 2ಕ್ಕೆ, 2ರಿಂದ 4ಕ್ಕೆ, 4ರಿಂದ 8ಕ್ಕೆ ಹೋಗುವಷ್ಟರಲ್ಲಿ 18 ಡೆಸಿಬೆಲ್ ಹೋಯಿತು. ಇದರ ಮೇಲೆ ಗಾಳಿಯೇ ಈ ಸದ್ದನ್ನು ನುಂಗುತ್ತದೆ. 40 ಕಿಲೋಹರ್ಟ್ಸ್‌ನಲ್ಲಿ ಸಾಧಾರಣ ಹವೆಯಲ್ಲಿ ಪ್ರತಿ ಮೀಟರಿಗೆ ಸುಮಾರು 1 ಡೆಸಿಬೆಲ್‌ನಷ್ಟು ಹೀಗೆ ನಷ್ಟವಾಗುತ್ತದೆ. ಎರಡೂ ಸೇರಿ ಎಂಟು ಮೀಟರಿನಾಚೆ ಕಳೆದದ್ದು 25 ಡೆಸಿಬೆಲ್ ಆಸುಪಾಸು. 20 ಡೆಸಿಬೆಲ್ ಕಳೆದರೆ ಸದ್ದಿನ ಒತ್ತಡ ಹತ್ತನೆಯ ಒಂದು ಪಾಲಿಗೆ ಇಳಿದಂತೆ ಎಂದರೆ ಈ ನಷ್ಟ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಡಬ್ಬಿಯ ಮೇಲೆ ಸಾವಿರಾರು ಚದರಡಿ ಎಂದು ಬರೆದದ್ದನ್ನು ಓದುವಾಗ ಈ ಲೆಕ್ಕ ನೆನಪಿರಲಿ. ನಿಮ್ಮ ಮನೆಯಲ್ಲಿ ಗೋಡೆಗಳಿವೆ, ಬಾಗಿಲುಗಳಿವೆ, ಸಾಮಾನುಗಳಿವೆ.

ಈ ಮಾತಿಗೆ ಒಳ್ಳೆಯ ಸಾಕ್ಷಿ ನಮ್ಮ ಬ್ಯಾಂಕು, ಕಚೇರಿಗಳ ಸರ್ವರ್ ಕೋಣೆಗಳಲ್ಲೇ ಸಿಗುತ್ತದೆ. ಇಲಿ ಕೇಬಲ್ ಕಡಿಯದಿರಲೆಂದು ಅಲ್ಲಿ ಅಲ್ಟ್ರಾಸೋನಿಕ್ ವ್ಯವಸ್ಥೆ ಕೂರಿಸುವುದುಂಟು. ಅಲ್ಲಿ ಒಂದೇ ಡಬ್ಬಿ ಇಟ್ಟು ಕೈ ತೊಳೆದುಕೊಳ್ಳುವುದಿಲ್ಲ. ಫಾಲ್ಸ್ ಸೀಲಿಂಗಿನ ಮೇಲೆ ಬೇರೆ, ಕೋಣೆಯ ಒಳಗೆ ಬೇರೆ, ಎತ್ತರಿಸಿದ ನೆಲದ ಕೆಳಗೆ ಬೇರೆ ಸ್ಪೀಕರುಗಳನ್ನು ಹಾಕಿ ಒಂದು ನಿಯಂತ್ರಕಕ್ಕೆ ಜೋಡಿಸುತ್ತಾರೆ. ತೆಳುವಾದ ಸೀಲಿಂಗ್ ಹಲಗೆಯನ್ನೂ ಸದ್ದು ದಾಟದು ಎಂಬುದು ಕೂರಿಸುವವರಿಗೆ ಗೊತ್ತು. ಹಾಲಿನ ಸಾಕೆಟ್ಟಿಗೆ ಸಿಕ್ಕಿಸಿದ ಒಂದು ಡಬ್ಬಿ ಅಡುಗೆಮನೆಯ ಇಲಿಯನ್ನು ಓಡಿಸುತ್ತದೆ ಎಂದು ನಾವು ಕಾಯುವುದರಲ್ಲಿ ಅರ್ಥವಿಲ್ಲ.

ಇನ್ನು ಕೆಲವು ಯಂತ್ರಗಳು ಮನೆಯ ವೈರಿಂಗ್ ಮೂಲಕ ವಿದ್ಯುತ್ಕಾಂತೀಯ ತರಂಗ ಹರಿಸಿ ಗೋಡೆಯೊಳಗಿನ ಇಲಿಯನ್ನೂ ಓಡಿಸುತ್ತವೆ ಎನ್ನುತ್ತವೆ. ಮನೆಯ ವೈರುಗಳಲ್ಲಿ ವಿದ್ಯುತ್ತು ಸದಾ ಹರಿಯುತ್ತಲೇ ಇರುತ್ತದೆ. ಅದೇ ವೈರುಗಳ ಪಕ್ಕದಲ್ಲಿ ಇಲಿಗಳು ಗೂಡು ಕಟ್ಟುತ್ತವೆ, ವೈರನ್ನೇ ಕಡಿಯುತ್ತವೆ. ಈ ಭರವಸೆಗೆ ಹಣ ಕೊಡಬೇಡಿ.

ಮೊದಲ ವಾರ, ಆಮೇಲಿನ ವಾರ

"ಹಾಕಿದ ಮೊದಲ ಕೆಲವು ದಿನ ಇಲಿಯೇ ಬರಲಿಲ್ಲ, ಆಮೇಲೆ ಮತ್ತೆ ಶುರುವಾಯಿತು" ಎಂದು ಯಂತ್ರ ಕೊಂಡವರು ಹೇಳುವುದನ್ನು ನೀವು ಕೇಳಿರಬಹುದು. ಅವರು ಹೇಳುವುದು ಸುಳ್ಳಲ್ಲ, ಅದಕ್ಕೆ ಕಾರಣವಿದೆ. ದೊಡ್ಡ ಇಲಿಗಳು ಹೊಸದೆಂದರೆ ಹೆದರುತ್ತವೆ. ತಾವು ದಿನಾ ಓಡಾಡುವ ದಾರಿಯಲ್ಲಿ ಹೊಸ ಡಬ್ಬಿಯೋ ಹೊಸ ವಾಸನೆಯೋ ಹೊಸ ಸದ್ದೋ ಎದುರಾದರೆ ಕೆಲವು ದಿನ ಆ ಕಡೆ ಸುಳಿಯುವುದಿಲ್ಲ. ಮನೆಯ ಸಾಮಾನು ಜಾಗ ಬದಲಿಸಿದರೂ ಇದೇ ಆಗಬಹುದು.

ದಿನ ಕಳೆದಂತೆ ಸದ್ದಿನಿಂದ ತನಗೆ ಪೆಟ್ಟೂ ಇಲ್ಲ, ಅಪಾಯವೂ ಇಲ್ಲ ಎಂದು ಇಲಿಗೆ ಅರಿವಾಗುತ್ತದೆ. ಆ ಕಡೆ ಅಕ್ಕಿ ಇದೆ, ಕೊಬ್ಬರಿ ಇದೆ, ಮರಿ ಹಾಕಲು ಬೆಚ್ಚನೆಯ ಮೂಲೆ ಇದೆ. ಹಸಿವು ಗೆಲ್ಲುತ್ತದೆ, ಸದ್ದು ರೂಢಿಯಾಗುತ್ತದೆ. ಸದ್ದಿನ ಎತ್ತರವನ್ನು ಆಗಾಗ ಬದಲಿಸುವ ಯಂತ್ರಗಳಲ್ಲಿ ಈ ರೂಢಿ ಸ್ವಲ್ಪ ತಡವಾಗಬಹುದು, ಆದರೆ ತಪ್ಪುವುದಿಲ್ಲ. ಇಲಿ ಮನೆಗೆ ಬರುವುದು ಆಹಾರಕ್ಕೆ, ಆಸರೆಗೆ. ಸದ್ದು ಇವೆರಡರಲ್ಲಿ ಒಂದನ್ನೂ ಕಿತ್ತುಕೊಳ್ಳುವುದಿಲ್ಲ. ಈ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ.

ಪರೀಕ್ಷೆಗಳು ಹೇಳಿದ್ದೇನು?

ಈ ಯಂತ್ರಗಳು ಹೊಸವೇನಲ್ಲ, ಪರೀಕ್ಷೆಗಳೂ ದಶಕಗಳಿಂದ ನಡೆದಿವೆ. ಕಂಡದ್ದು ಹೆಚ್ಚುಕಡಿಮೆ ಒಂದೇ: ಮೊದಲಿಗೆ ಅಲ್ಪ ಪರಿಣಾಮ, ಬೇಗನೆ ರೂಢಿ, ಮನೆಯಿಂದ ಇಲಿ ಪೂರ್ತಿ ತೊಲಗಿತು ಎನ್ನಲು ಸಾಕಾಗದ ಫಲ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲಿ ಇಂಥ ಯಂತ್ರಗಳ 60ಕ್ಕೂ ಹೆಚ್ಚು ತಯಾರಕರಿಗೆ ಮತ್ತು ಮಾರಾಟಗಾರರಿಗೆ ಪತ್ರ ಬರೆದು, ಜಾಹೀರಾತಿನಲ್ಲಿ ಹೇಳುವುದಕ್ಕೆ ವೈಜ್ಞಾನಿಕ ಪುರಾವೆ ಇರಬೇಕೆಂದು ಎಚ್ಚರಿಸಿತು.

ಒಂದೇ ಡಬ್ಬಿ ಇಲಿ, ಸೊಳ್ಳೆ, ಜಿರಳೆ, ಹಲ್ಲಿ ಎಲ್ಲವನ್ನೂ ಓಡಿಸುತ್ತದೆ ಎಂದು ಬರೆದಿದ್ದರೆ ಇನ್ನಷ್ಟು ಜಾಗರೂಕರಾಗಿರಿ. ಸೊಳ್ಳೆ ಓಡಿಸುವ ಎಲೆಕ್ಟ್ರಾನಿಕ್ ಸದ್ದಿನ ಸಾಧನಗಳ ಬಗ್ಗೆ ನಡೆದ 10 ಕ್ಷೇತ್ರ ಪರೀಕ್ಷೆಗಳನ್ನು ಕಾಕ್ರೇನ್ ಸಂಸ್ಥೆಯ 2007ರ ಸಮೀಕ್ಷೆ ಒಟ್ಟುಗೂಡಿಸಿ ನೋಡಿತು. ಅವು ಸೊಳ್ಳೆ ಕಡಿತವನ್ನು ತಡೆಯುತ್ತವೆ ಎನ್ನಲು ಯಾವ ಪುರಾವೆಯೂ ಸಿಗಲಿಲ್ಲ.

ನಮ್ಮಲ್ಲಿ ಇಲಿ ಪಾಷಾಣದಂಥ ರಾಸಾಯನಿಕಗಳಿಗೆ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಬೇಕು. ಆ ಕಾಯ್ದೆ ಹೇಳುವುದು ಪದಾರ್ಥಗಳ ಬಗ್ಗೆ, ಸದ್ದಿನ ಬಗ್ಗೆ ಅಲ್ಲ. ಹೀಗಾಗಿ ಕೊಳ್ಳುವವರೇ ಎಚ್ಚರ ವಹಿಸಬೇಕು. ದಾರಿ ತಪ್ಪಿಸುವ ಜಾಹೀರಾತಿನ ಬಗ್ಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಸಾಕುಪ್ರಾಣಿಗಳು, ಮಕ್ಕಳು

ಮನುಷ್ಯರಿಗೆ ಕೇಳದ ಸದ್ದು ಮನೆಯ ಉಳಿದವರಿಗೂ ಕೇಳದು ಎಂದಲ್ಲ. ನಾಯಿಗೆ ಸುಮಾರು 45 ಕಿಲೋಹರ್ಟ್ಸ್‌ವರೆಗೆ, ಬೆಕ್ಕಿಗೆ 60 ಕಿಲೋಹರ್ಟ್ಸ್‌ಗೂ ಮೀರಿ ಕೇಳುತ್ತದೆ. ಮೊಲ, ಗಿನಿಪಿಗ್, ಹ್ಯಾಮ್‌ಸ್ಟರ್, ಬಿಳಿ ಇಲಿ ಸಾಕಿದ್ದರೆ ಆ ಕೋಣೆಯಲ್ಲಿ ಈ ಯಂತ್ರ ಬೇಡವೇ ಬೇಡ. ಮನೆಗೆ ನುಗ್ಗಿದ ಇಲಿ ಓಡಿಹೋಗಬಲ್ಲದು, ಪಂಜರದೊಳಗಿನ ಪ್ರಾಣಿ ಎಲ್ಲಿಗೂ ಹೋಗಲಾರದು. ಯಂತ್ರ ಹಾಕಿದ ಮೇಲೆ ನಾಯಿ ಬೆಕ್ಕು ಆ ಕೋಣೆಗೆ ಬರಲು ಹಿಂಜರಿದರೆ, ತಲೆ ಕೊಡವಿದರೆ ಯಂತ್ರ ಆರಿಸಿ ನೋಡಿ. ಗಿಳಿ, ಕೋಳಿಯಂಥ ಹಕ್ಕಿಗಳಿಗೆ ಇಷ್ಟು ಎತ್ತರದ ಸದ್ದು ಕೇಳುವುದಿಲ್ಲ. ಕೆಲವು ಯಂತ್ರಗಳ ಸದ್ದು 20 ಕಿಲೋಹರ್ಟ್ಸ್‌ಗಿಂತ ಕೆಳಗೂ ಇಳಿಯುತ್ತದೆ. ದೊಡ್ಡವರಿಗೆ ಕೇಳದಿದ್ದರೂ ಮಕ್ಕಳಿಗೆ ಅದು ಸಣ್ಣ ಕೀರಲಾಗಿ ಕೇಳಬಹುದು. ಮಗು "ಏನೋ ಕೀಂ ಅನ್ನುತ್ತಿದೆ" ಎಂದರೆ ಗದರಬೇಡಿ, ನಂಬಿ.

ನಿಮ್ಮ ಮನೆಯಲ್ಲೇ ಪರೀಕ್ಷೆ

ಯಂತ್ರ ಈಗಾಗಲೇ ಮನೆಯಲ್ಲಿದ್ದರೆ ಅದನ್ನು ಪರೀಕ್ಷಿಸುವುದು ಕಷ್ಟವಲ್ಲ. ಮೊದಲು ಸದ್ದು ಬರುತ್ತಿದೆಯೇ ನೋಡಿ. ಮೊಬೈಲಿನಲ್ಲಿ ಸದ್ದಿನ ಆವರ್ತನ, ಅಂದರೆ ಅದು ಎಷ್ಟು ಹರ್ಟ್ಸ್ ಎಂಬುದನ್ನು ತೋರಿಸುವ ಆ್ಯಪ್ ಹಾಕಿಕೊಂಡು ಹತ್ತಿರ ಹಿಡಿಯಬಹುದು. ಸಾಮಾನ್ಯ ಮೊಬೈಲು ಹೆಚ್ಚೆಂದರೆ 24 ಕಿಲೋಹರ್ಟ್ಸ್‌ವರೆಗೆ ಹಿಡಿಯುತ್ತದೆ. ಅದಕ್ಕಿಂತ ಮೇಲಿನ ಸದ್ದು ಅದರಲ್ಲಿ ಕಾಣದಿದ್ದರೆ ಯಂತ್ರ ಕೆಟ್ಟಿದೆ ಎಂದೇನೂ ಅಲ್ಲ.

ಇನ್ನು ಇಲಿಯ ಲೆಕ್ಕ. ಇಲಿಗಳು ಗೋಡೆಗೆ ಮೀಸೆ ತಾಗಿಸಿಕೊಂಡು ಅಂಚಿನಲ್ಲೇ ಓಡುತ್ತವೆ. ರಾತ್ರಿ ಮಲಗುವ ಮುಂಚೆ ಗೋಡೆಯಂಚಿಗೆ ಒಂದೆರಡು ಕಡೆ ತೆಳುವಾಗಿ ಟಾಲ್ಕಂ ಪೌಡರ್ ಉದುರಿಸಿ. ಹಿಟ್ಟು ಬೇಡ, ಅದು ಇಲಿಗೆ ಆಹಾರ. ಬೆಳಿಗ್ಗೆ ಹೆಜ್ಜೆ ಗುರುತು ಇದೆಯೇ, ಹಿಕ್ಕೆ ಎಷ್ಟು ಬಿದ್ದಿದೆ ಎಂದು ಕ್ಯಾಲೆಂಡರಿನ ಮೇಲೆ ಬರೆದಿಡಿ. ಒಂದು ವಾರ ಯಂತ್ರ ಹಾಕದೆ, ಆಮೇಲೆ ನಾಲ್ಕು ವಾರ ಹಾಕಿ ಹೀಗೆ ಮಾಡಿ. ಈ ಅವಧಿಯಲ್ಲಿ ಬೋನು ಇಡುವುದು, ತೂತು ಮುಚ್ಚುವುದು ಬೇಡ. ಬೇರೆ ಉಪಾಯಗಳನ್ನೂ ಜೊತೆಗೆ ಮಾಡಿದರೆ ಫಲ ಯಾವುದರಿಂದ ಬಂತೆಂದು ತಿಳಿಯದು. ಎರಡನೆಯ ವಾರದ ನಂತರ ಗುರುತುಗಳು ಮೊದಲಿನಷ್ಟೇ ಆದರೆ ನಿಮ್ಮ ಮನೆಯ ಮಟ್ಟಿಗೆ ಉತ್ತರ ಸಿಕ್ಕಿತು. ಕೊಯ್ಲು ಮುಗಿದು ಹೊಲ ಖಾಲಿಯಾದಾಗ, ಮಳೆ ಬಿದ್ದು ಬಿಲಗಳಿಗೆ ನೀರು ನುಗ್ಗಿದಾಗ ಇಲಿಗಳ ಓಡಾಟ ತಾನಾಗಿ ಏರುಪೇರಾಗುತ್ತದೆ. ಅಂಥ ದಿನಗಳಲ್ಲಿ ಪರೀಕ್ಷೆ ಬೇಡ.

ಇಲಿ ಬರದಂತೆ ಮಾಡುವ ಕೆಲಸ

ಆಹಾರ ಮತ್ತು ಆಸರೆ ಎಂದೆವಲ್ಲ, ಕೆಲಸವೂ ಅಲ್ಲಿಂದಲೇ ಶುರು. ಅಕ್ಕಿ, ಬೇಳೆ, ಕಡಲೆಬೀಜ, ಕೊಬ್ಬರಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿರಲಿ. ತೆಳು ಪ್ಲಾಸ್ಟಿಕ್ಕನ್ನು ಇಲಿ ಒಂದು ರಾತ್ರಿಯಲ್ಲಿ ಕೊರೆದುಹಾಕುತ್ತದೆ. ಅದರ ಬಾಚಿಹಲ್ಲು ಜೀವಮಾನವಿಡೀ ಬೆಳೆಯುತ್ತಿರುವುದರಿಂದ ಕಡಿಯದೆ ಅದು ಇರಲಾರದು. ರಾತ್ರಿ ಮುಸುರೆ ಪಾತ್ರೆ, ಕಸದ ಬುಟ್ಟಿ, ನಾಯಿಯ ತಟ್ಟೆ ಹಾಗೇ ಬಿಡಬೇಡಿ. ದೇವರ ಮನೆಯ ಎಣ್ಣೆಬತ್ತಿ, ಬಚ್ಚಲಿನ ಸೋಪು ಕೂಡ ಇಲಿಗೆ ತಿನಿಸೇ. ಉರಿಯುವ ಬತ್ತಿಯನ್ನು ಇಲಿ ಎಳೆದೊಯ್ದರೆ ಬೆಂಕಿಯ ಅಪಾಯವೂ ಇದೆ. ಆದ್ದರಿಂದ ಮಲಗುವ ಮುಂಚೆ ದೀಪ ಶಾಂತ ಮಾಡಿ, ಬತ್ತಿ ಎತ್ತಿಡಿ.

ಒಳಗಿರುವ ಇಲಿಗಳನ್ನು ಹಿಡಿಯುವುದು ಎರಡನೆಯ ಕೆಲಸ. ಇಲಿಬೋನನ್ನು ನಡುಮನೆಯಲ್ಲಿ ಇಡದೆ ಗೋಡೆಯಂಚಿಗೆ, ಹಿಕ್ಕೆ ಕಂಡ ಕಡೆ ಇಡಿ. ಸುಟ್ಟ ಕೊಬ್ಬರಿ ಚೂರು, ಬಜ್ಜಿ, ಕಡಲೆಬೀಜ ಒಳ್ಳೆಯ ಆಮಿಷ. ಹೊಸತಕ್ಕೆ ಹೆದರುವ ದೊಡ್ಡ ಇಲಿಗಾಗಿ ಮೊದಲ ಒಂದೆರಡು ರಾತ್ರಿ ಬಾಗಿಲು ಬೀಳದಂತೆ ಕಟ್ಟಿ ಆಮಿಷ ಮಾತ್ರ ಇಡಿ. ಅದು ನಂಬಿ ತಿನ್ನಲು ಶುರು ಮಾಡಿದ ಮೇಲೆ ಬೋನು ಹೂಡಿ. ಅಂಟಿನ ಹಲಗೆ ಬೇಡ. ಸಿಕ್ಕಿಬಿದ್ದ ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ. ಮಕ್ಕಳಿರುವ ಮನೆಯಲ್ಲಿ ವಿಷದ ಪೇಸ್ಟನ್ನು ಒಳಗೇ ತರಬೇಡಿ. ಹಳದಿ ರಂಜಕವಿರುವ ಪೇಸ್ಟಿಗೆ ಪ್ರತಿವಿಷವೇ ಇಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ದಾರಿ ಮುಚ್ಚುವುದು. ಪೆನ್ಸಿಲ್ ತೂರುವಷ್ಟು, ಅಂದರೆ ಸುಮಾರು 6 ಮಿಲಿಮೀಟರ್ ಸಂದಿಯಿದ್ದರೆ ಚಿಟ್ಟಿಲಿ ನುಸುಳುತ್ತದೆ. ಅದರ ಎರಡರಷ್ಟಿದ್ದರೆ ದೊಡ್ಡ ಇಲಿ. ಬಾಗಿಲ ಕೆಳಗಿನ ಸಂದಿಗೆ ತಗಡಿನ ಪಟ್ಟಿ ಹೊಡೆಸಿ. ಬಚ್ಚಲ ಮೋರಿಗೆ ಕಬ್ಬಿಣದ ಜಾಲರಿ, ಎಕ್ಸಾಸ್ಟ್ ಫ್ಯಾನಿನ ತೂತಿಗೆ ಸಣ್ಣ ಕಣ್ಣಿನ ತಂತಿ ಬಲೆ ಹಾಕಿಸಿ. ನೀರಿನ ಪೈಪು, ಎಸಿ ಪೈಪು, ಕೇಬಲ್ ಒಳಬರುವ ತೂತುಗಳಿಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ತುರುಕಿ ಮೇಲೆ ಸಿಮೆಂಟ್ ಮೆತ್ತಿ. ಬರೀ ಬಟ್ಟೆಯನ್ನೋ ಥರ್ಮಾಕೋಲನ್ನೋ ತುರುಕಿದರೆ ಇಲಿ ಕಿತ್ತು ಗೂಡಿಗೆ ಒಯ್ಯುತ್ತದೆ. ಹಂಚಿನ ಮನೆಯಾದರೆ ಸರಿದ ಹಂಚು ಸರಿಪಡಿಸಿ, ಮಾಡಿಗೆ ತಾಗಿದ ಮರದ ಕೊಂಬೆ ಕಡಿಸಿ. ಒಳಗಿನ ಇಲಿಗಳನ್ನು ಹಿಡಿಯದೆ ಎಲ್ಲ ಮುಚ್ಚಿದರೆ ಅವು ಒಳಗೇ ಸಿಕ್ಕಿಕೊಂಡು ಸಾಯುತ್ತವೆ. ಆದ್ದರಿಂದ ಕೊನೆಯ ತೂತನ್ನು ಮುಚ್ಚುವುದು ಬೋನು ಖಾಲಿ ಬರತೊಡಗಿದ ಮೇಲೆ.

ಈ ಕೆಲಸ ಮುಂದೂಡುವಂಥದ್ದಲ್ಲ. ಚಿಟ್ಟಿಲಿ ಗಬ್ಬವಾದ ಮೂರೇ ವಾರದಲ್ಲಿ ಈಯುತ್ತದೆ, ಅದರ ಮರಿಗಳು ಆರೇಳು ವಾರದಲ್ಲಿ ತಾವೇ ಮರಿ ಹಾಕಲು ಸಿದ್ಧ. ಇಲಿಯ ಮೂತ್ರದಿಂದ ಇಲಿ ಜ್ವರ ಹರಡುತ್ತದೆ. ಇಲಿಯ ಮೈಮೇಲಿನ ಚಿಗಟದಿಂದ ಹರಡುವ ಪ್ಲೇಗು 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟು ಊರನ್ನೇ ನಡುಗಿಸಿತು. ಇಕ್ಕಟ್ಟಿನ ಪೇಟೆಯಿಂದಾಚೆ ಗಾಳಿ ಬೆಳಕಿನ ಬಡಾವಣೆಗಳು ಬೇಕೆಂಬ ಅರಿವಿನಿಂದ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಹಿಕ್ಕೆಯನ್ನು ಒಣದಾಗಿ ಗುಡಿಸಬೇಡಿ. ಕೈಗವಸು ಹಾಕಿ, ಒಂದು ಪಾಲು ಬ್ಲೀಚಿಂಗ್ ದ್ರವಕ್ಕೆ ಹತ್ತು ಪಾಲು ನೀರು ಬೆರೆಸಿ ಚಿಮುಕಿಸಿ, ಐದು ನಿಮಿಷ ಬಿಟ್ಟು ಒರೆಸಿ.

ಹಾಗಾದರೆ ಕೊಳ್ಳಬೇಕೇ?

ಮನೆಯಲ್ಲಿ ಇಲಿ ಗೂಡು ಕಟ್ಟಿದೆ, ದಾರಿಗಳು ತೆರೆದಿವೆ, ಆಹಾರ ಕೈಗೆಟುಕುತ್ತಿದೆ ಎಂದರೆ ಬೇಡ. ಯಂತ್ರ ಆ ಇಲಿಗಳನ್ನು ಹೊರಗೆ ಕಳಿಸುವುದಿಲ್ಲ. ಯಂತ್ರ ಹಾಕಿದ್ದೇವೆಂಬ ನೆಮ್ಮದಿಯಲ್ಲಿ ನೀವು ಒಂದು ತಿಂಗಳು ಕಾಯುತ್ತೀರಿ, ಅಷ್ಟರಲ್ಲಿ ಒಂದು ಸೂಲು ಮರಿ ಹೆಚ್ಚಾಗಿರುತ್ತವೆ. ತೂತು ಮುಚ್ಚಿ, ಬೋನಿಟ್ಟು, ಮನೆ ಖಾಲಿ ಮಾಡಿಸಿದ ಮೇಲೂ ಸ್ಟೋರ್ ರೂಮಿನಂಥ ಒಂದು ಕೋಣೆಗೆ ಹೆಚ್ಚಿನ ಕಾವಲು ಬೇಕೆನಿಸಿದರೆ ಕೊಂಡು ನೋಡಬಹುದು. ಆಗ ಡೆಸಿಬೆಲ್ ಎಷ್ಟು, ಎಷ್ಟು ದೂರದಲ್ಲಿ ಅಳೆದದ್ದು, ಸದ್ದಿನ ಎತ್ತರ ಬದಲಾಗುತ್ತದೆಯೇ ಎಂಬುದನ್ನು ಓದಿ. ವಾಪಸು ಕೊಡುವ ಅವಕಾಶ ಒಂದು ತಿಂಗಳಾದರೂ ಇರುವ ಕಡೆ ಕೊಳ್ಳಿ. ಸಾಮಾನಿನ ಮರೆಯಾಗದಂತೆ, ಆ ಕೋಣೆಯಲ್ಲೇ ಹಾಕಿ.

ಕೈಯಲ್ಲಿ ಐನೂರು ರೂಪಾಯಿ ಇದ್ದು ಯಾವುದಾದರೂ ಒಂದಕ್ಕೆ ಮಾತ್ರ ಖರ್ಚು ಮಾಡಬಹುದಾದರೆ ತಗಡಿನ ಪಟ್ಟಿ, ತಂತಿ ಬಲೆ, ಒಂದಿಷ್ಟು ಸಿಮೆಂಟ್ ತನ್ನಿ. ಒಂದು ಭಾನುವಾರ ಮನೆಮಂದಿಯೆಲ್ಲ ಸೇರಿ, ಮಕ್ಕಳ ಕೈಗೆ ಪೆನ್ಸಿಲ್ ಕೊಟ್ಟು, ಅದು ತೂರುವ ಸಂದಿಗಳನ್ನೆಲ್ಲ ಹುಡುಕಿ ಗುರುತು ಹಾಕಿಸಿ. ಆ ಪಟ್ಟಿಯಲ್ಲಿ ಮೊದಲು ಮುಚ್ಚಬೇಕಾದದ್ದು ಅಡುಗೆಮನೆಯ ಬಾಗಿಲ ಕೆಳಗಿನ ಸಂದಿ.